ಹಿಂದಿನ ಸಾಲಿನ ನಾಲ್ಕು ತಂತಿ

ಬೇಸ್ ಗಿಟಾರಿನ, ಅಂದರೆ ತಗ್ಗಿನ ಸ್ವರ ನುಡಿಸುವ ನಾಲ್ಕು ತಂತಿಯ ಗಿಟಾರಿನ, ತಂತಿಯನ್ನು ನೀರಲ್ಲಿ ಕುದಿಸುತ್ತಾರೆ ಅಂದರೆ ನಂಬುವವರು ಕಡಿಮೆ. ನಮ್ಮ ಮಾವ ಕುದಿಸುತ್ತಾರೆ. ಹಿತ್ತಲ ಒಲೆ ಮೇಲೆ ಹಳೇ ಅಲ್ಯೂಮಿನಿಯಂ ಪಾತ್ರೆ ಇಟ್ಟು, ನಾಲ್ಕೂ ತಂತಿಗಳನ್ನು ಬಿಚ್ಚಿ ಸುರುಳಿ ಸುತ್ತಿ, ಮಳ್ಳುವ ನೀರಿಗೆ ಬಿಡುತ್ತಾರೆ. ದಪ್ಪ ತಂತಿಯ ಮೇಲೆ ಸಣ್ಣ ಸರಿಗೆ ಒತ್ತೊತ್ತಾಗಿ ಸುತ್ತಿರುತ್ತದಲ್ಲ, ಆ ಸಂದಿಯಲ್ಲಿ ಕೂತ ಬೆವರು, ಜಿಡ್ಡು, ಧೂಳು ಎಲ್ಲ ಬಿಟ್ಟುಕೊಂಡು ನೀರು ಕಾಫಿ ಕಷಾಯದ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಒಂದೊಂದನ್ನೇ ಎತ್ತಿ, ಹತ್ತಿ ಬಟ್ಟೆಯಲ್ಲಿ ತುದಿಯಿಂದ ತುದಿಗೆ ಎಳೆದು ಒರೆಸಿ, ಒಲೆ ಹತ್ತಿರದ ಗೋಡೆ ಮೊಳೆಗೆ ನೇತುಹಾಕುತ್ತಾರೆ. ಒಂದು ಹನಿ ತೇವ ಉಳಿದರೂ ಮಾರನೇ ದಿನ ತುಕ್ಕು. ಒಣಗಿಸಿ ಮತ್ತೆ ಕಟ್ಟಿ ಮೀಟಿದರೆ ಮಂಕಾಗಿದ್ದ ನಾದ ಗಣ್ಣನೆ ಎದ್ದು ಬರುತ್ತದೆ. ಬೇಸ್ ತಂತಿ ಒಂದು ಸೆಟ್ಟಿಗೆ ಕೊಡುವ ದುಡ್ಡಿನಲ್ಲಿ ಮಾಮೂಲಿ ಗಿಟಾರಿಗೆ ಎಷ್ಟೋ ಸೆಟ್ ತಂತಿ ಬರುತ್ತದೆ. ಹಾಗಾಗಿ ಈ ವಿದ್ಯೆ ಜಗತ್ತಿನ ಎಲ್ಲ ಕಡೆಯ ಬೇಸ್ ವಾದಕರಿಗೂ ಗೊತ್ತು. ವಾದ್ಯ ನುಡಿಸಿ ಹೊಟ್ಟೆ ಹೊರೆಯುವವರಿಗಂತೂ ಚೆನ್ನಾಗಿ ಗೊತ್ತು.

ಮಾವನ ಮನೆ ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ, ಚೇರಂಬಾಣೆ ಕಡೆ. ಸ್ವಲ್ಪ ಕಾಫಿ, ಕಾಫಿ ನಡುವೆ ಮೆಣಸಿನ ಬಳ್ಳಿ. ಎಪ್ಪತ್ತರ ದಶಕದ ಕೊನೆಗೆ ಓದಲೆಂದು ಬೆಂಗಳೂರಿಗೆ ಹೋದವರು ಹೋಟೆಲೊಂದರ ಬ್ಯಾಂಡಿಗೆ ಸೇರಿದರು. ಆ ಬ್ಯಾಂಡಿನ ಬೇಸ್ ವಾದಕ ಕೆಲಸ ಬಿಟ್ಟು ಹೋಗಿದ್ದರಿಂದ ಜಾಗ ಖಾಲಿ ಇತ್ತು. ಮಾವ ನುಡಿಸುತ್ತಿದ್ದದ್ದು ಆರು ತಂತಿಯ ಗಿಟಾರ್. ನಾಲ್ಕು ತಂತಿಯದ್ದಕ್ಕೆ ಆಗುತ್ತದಾ ಅಂತ ಕೇಳಿದರು, ಆಗುತ್ತದೆ ಅಂದರು. ಅಲ್ಲಿಂದ ಇಲ್ಲಿಯವರೆಗೆ ಅದೇ ಕೆಲಸ. ಅವರ ಹೆಸರಲ್ಲಿ ಒಂದು ಕ್ಯಾಸೆಟ್ ಇಲ್ಲ, ಸಿ.ಡಿ. ಇಲ್ಲ. ಪೋಸ್ಟರಿನಲ್ಲಿ ಫೋಟೋ ಬಂದದ್ದನ್ನು ನಾನು ನೋಡಿಲ್ಲ. ಈ ಬರಹದಲ್ಲೂ ಹೆಸರು ಹಾಕಬೇಡ ಅಂದಿದ್ದಾರೆ, ಹಾಕುತ್ತಿಲ್ಲ.

ಇವರ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಇತ್ತು. ಸಂಗೀತಗಾರನ ಬದುಕು ಅಂದ ತಕ್ಷಣ ನಮಗೆ ಎರಡೇ ಕಥೆ ಗೊತ್ತು: ಒಬ್ಬ ಮೇಲೆ ಬಂದ, ಇನ್ನೊಬ್ಬ ಹಾಳಾಗಿ ಹೋದ. ಇವೆರಡರ ನಡುವೆ ನಲವತ್ತು ವರ್ಷ ದುಡಿದವರ ಕಥೆಯನ್ನು ಯಾರೂ ಹೇಳುವುದಿಲ್ಲ. ನನಗೆ ಅದೇ ದೊಡ್ಡ ಕಥೆಯಾಗಿ ಕಾಣುತ್ತದೆ.

ದುಡಿಮೆ ಅಂದರೆ ಎಂಥದು? ಆಗ ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಬ್ಯಾಂಡ್ ಇರುತ್ತಿತ್ತು. ನಡೆಸುವವರಲ್ಲಿ ಆಂಗ್ಲೋ ಇಂಡಿಯನ್ನರು, ಗೋವಾದವರು ಹೆಚ್ಚು. ಮೊದಲ ಒಂದು ಗಂಟೆ ಮೆಲ್ಲಗೆ, ಜನ ಊಟ ಮಾಡುತ್ತಾ ಮಾತಾಡುವಷ್ಟು ಜಾಗ ಬಿಟ್ಟು ನುಡಿಸಬೇಕು. ಆಮೇಲೆ ಜೋಡಿ ಕುಣಿತಕ್ಕೆ ವಾಲ್ಟ್ಜ್, ಫಾಕ್ಸ್‌ಟ್ರಾಟ್, ಜೈವ್. ತಡರಾತ್ರಿ, ಮಾಲೀಕರು ಎದ್ದು ಹೋದ ಮೇಲೆ, ರಾಕ್ ಮತ್ತು ಬ್ಲೂಸ್. ಹಗಲು ಹೊತ್ತಿನಲ್ಲಿ ಯಾವುದಾದರೂ ರೆಕಾರ್ಡಿಂಗ್ ಇದ್ದರೆ ಅದು. ಅಕ್ಟೋಬರ್ ಬಂತೆಂದರೆ ಮಡಿಕೇರಿ ದಸರಾ, ಗೋಣಿಕೊಪ್ಪ ದಸರಾ. ರಸಮಂಜರಿ ತಂಡದವರು ಬೇಸ್‌ಗೆ ಜನ ಬೇಕೆಂದು ಕರೆಯುತ್ತಿದ್ದರು. ಅಣ್ಣಾವ್ರ ಹಾಡು, ಎಸ್‌ಪಿಬಿ ಹಾಡು, ಒನ್ಸ್ ಮೋರ್ ಅಂದರೆ ಇನ್ನೊಂದು ಸಲ. ವೇದಿಕೆ ಮೇಲೆ ಹೋದ ಮೇಲೆ ಗಾಯಕ ಶ್ರುತಿ ಬದಲಾಯಿಸಿ ‘ಒಂದು ಕಟ್ಟೆ ಕೆಳಗೆ’ (ಶ್ರುತಿ ಒಂದು ಮೆಟ್ಟಿಲು ಇಳಿಸಿ) ಅಂದರೆ, ಬೆರಳು ಆ ಕ್ಷಣಕ್ಕೇ ಇಳಿಯಬೇಕು. ‘ರಸಮಂಜರಿಯಲ್ಲಿ ಉಳಿದವನು ಎಲ್ಲಿ ಬೇಕಾದರೂ ಉಳಿಯುತ್ತಾನೆ’ ಅಂತ ಮಾವ ಈಗಲೂ ಹೇಳುತ್ತಾರೆ. ಬ್ಲೂಸ್ ನುಡಿಸುವ ಹುಡುಗರು ಕೆಲವರು ಸಿನಿಮಾ ಹಾಡೆಂದರೆ ಮುಖ ಸಿಂಡರಿಸುವುದು ಅವರಿಗೆ ಆಗಿಬರುವುದಿಲ್ಲ.

ಬ್ಲೂಸ್ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಕಪ್ಪು ಜನರಿಂದ ಬಂದ ಸಂಗೀತ ಅದು. ಅದರ ಚೌಕಟ್ಟು ಹನ್ನೆರಡು ಬಾರ್. ಬಾರ್ ಅಂದರೆ ತಾಳದ ಒಂದು ಸುತ್ತು, ಒಂದೊಂದು ಬಾರ್‌ಗೆ ನಾಲ್ಕು ಎಣಿಕೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮೊದಲ ನಾಲ್ಕು ಬಾರ್ ಷಡ್ಜದ ಮೇಲೆ ನಿಂತ ಸ್ವರಗುಚ್ಛ (ಕಾರ್ಡ್), ಮುಂದಿನ ಎರಡು ಮಧ್ಯಮದ ಮೇಲೆ, ಮತ್ತೆರಡು ಷಡ್ಜಕ್ಕೆ ವಾಪಸ್, ಆಮೇಲೆ ಒಂದು ಪಂಚಮ, ಒಂದು ಮಧ್ಯಮ, ಕೊನೆಗೆ ಎರಡು ಮತ್ತೆ ಷಡ್ಜ. ಅಷ್ಟೇ. ಹಾಡಿನ ಸ್ವರಗಳು ಬಹುಮಟ್ಟಿಗೆ ನಮ್ಮ ಶುದ್ಧ ಧನ್ಯಾಸಿ ರಾಗದವೇ. ಆದರೆ ಗಾಂಧಾರ ಮಾತ್ರ ಸಾಧಾರಣಕ್ಕೂ ಅಂತರಕ್ಕೂ ನಡುವೆ ಎಲ್ಲೋ ಅಳುತ್ತಾ ನಿಲ್ಲುತ್ತದೆ. ನಡೆ ತಿಶ್ರದ್ದು: ತ-ಕಿ-ಟ ಅನ್ನುವಾಗ ನಡುವಿನ ‘ಕಿ’ ನುಂಗಿಬಿಟ್ಟರೆ ಬ್ಲೂಸಿನವರು ಶಫಲ್ ಅನ್ನುವ ನಡೆ ಆಯಿತು. ಕೇಳಲು ಸುಲಭ. ಆದರೆ ಇಡೀ ರಾತ್ರಿ ಅದೇ ಹನ್ನೆರಡು ಬಾರನ್ನು ಸುತ್ತುತ್ತಾ, ಓಡದೆ, ಎಳೆಯದೆ, ಬೇಸರ ಬಾರದಂತೆ ಹಿಡಿದಿಡುವುದು ಹೇಗೆ? ಬೇಸ್ ವಾದಕ ಮತ್ತು ಡ್ರಮ್ಮರ್ ಇಬ್ಬರ ಕೈಯಲ್ಲಿ ಅದು ಇದೆ. ಕಾಲಿನಿಂದ ಒದೆಯುವ ಡ್ರಮ್ಮಿನ ಏಟು ಬೇಸ್ ತಂತಿಯ ಏಟಿನ ಜೊತೆ ಒಂದೇ ಸಮಕ್ಕೆ ಬಿದ್ದರೆ ಕೇಳುವವನ ಎದೆಗೆ ಒಂದೇ ಸದ್ದಾಗಿ ತಾಗುತ್ತದೆ. ಕೂದಲೆಳೆ ತಪ್ಪಿದರೂ ಬ್ಯಾಂಡ್ ಸಡಿಲವಾಯಿತು. ಏನು ತಪ್ಪಿತು ಅಂತ ಕೇಳುವವನಿಗೆ ಗೊತ್ತಾಗುವುದಿಲ್ಲ, ಕುಣಿಯುತ್ತಿದ್ದವನು ಮಾತ್ರ ಹೋಗಿ ಕೂತುಬಿಡುತ್ತಾನೆ.

ಹುಡುಗನಾಗಿದ್ದಾಗ ನಾನು ಕೇಳಿದ್ದೆ, ‘ಮಾವ, ನೀವು ಯಾಕೆ ಒಂದೂ ಸೋಲೋ ಹೊಡೆಯಲ್ಲ?’

‘ಹೊಡೀಬೋದು ಮಗ. ಆದ್ರೆ ಆ ಹೊತ್ತಿಗೆ ಕೆಳಗೆ ಯಾರು ಇರ್ತಾರೆ?’

ಚಿಕಾಗೋದ ಬ್ಲೂಸ್ ಮಾವನಿಗೆ ಸಿಕ್ಕಿದ್ದು ಇಂಗ್ಲೆಂಡ್ ಸುತ್ತಿಕೊಂಡು. ಇಂಗ್ಲೆಂಡಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನ ಹೆಸರೇ ಚಿಕಾಗೋದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಹಾಡಿನಿಂದ ಬಂದದ್ದೆಂದು ತಿಳಿದ ಮೇಲೆ ಮಡ್ಡಿ ವಾಟರ್ಸ್ ಕ್ಯಾಸೆಟ್ ಹುಡುಕಿದರು. ಕ್ಯಾಸೆಟ್ ಕೇಳಿದ ಮೇಲೆ ಅವರ ಹಿಂದೆ ನುಡಿಸಿದವರು ಯಾರೆಂದು ಹುಡುಕಿದರು. ಈ ಎರಡನೇ ಹುಡುಕಾಟ ಅವರಿಗೆ ಇನ್ನೂ ಮುಗಿದಿಲ್ಲ. ಅವರ ಮನೆಯ ಜಗಲಿಯಲ್ಲಿ ಕೂತು ನಾನು ಕೇಳಿಸಿಕೊಂಡ ಹೆಸರುಗಳೆಲ್ಲ ಹಿಂದಿನ ಸಾಲಿನವೇ.

ಹ್ಯೂಬರ್ಟ್ ಸಮ್ಲಿನ್ ಅವುಗಳಲ್ಲಿ ಒಂದು. 1931ರಲ್ಲಿ ಮಿಸಿಸಿಪಿಯಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಬ್ಲೂಸ್ ಗಾಯಕ ಹೌಲಿನ್ ವುಲ್ಫ್ ಹಾಡುವ ಜಾಗಕ್ಕೆ ಒಳಗೆ ಬಿಡದೆ, ಕಿಟಕಿಯ ಹೊರಗೆ ಪೆಟ್ಟಿಗೆಗಳನ್ನು ಪೇರಿಸಿ ಹತ್ತಿ ಇಣುಕುತ್ತಿದ್ದವನು ಆಯ ತಪ್ಪಿ ಕಿಟಕಿಯೊಳಗಿಂದ ವೇದಿಕೆಗೇ ಬಿದ್ದನಂತೆ. ವುಲ್ಫ್ ಅವನನ್ನು ಓಡಿಸಲಿಲ್ಲ. ಕಾರ್ಯಕ್ರಮ ಮುಗಿಯುವವರೆಗೆ ಕೂರಿಸಿಕೊಂಡು, ಆಮೇಲೆ ಮನೆಗೆ ಬಿಟ್ಟು ಬಂದರು. 1954ರಲ್ಲಿ ಅದೇ ಹುಡುಗನನ್ನು ಚಿಕಾಗೋಗೆ ಕರೆಸಿಕೊಂಡು ತಂಡಕ್ಕೆ ಸೇರಿಸಿದರು. ಸಮ್ಲಿನ್ ಗಿಟಾರಿನ ಸದ್ದು ತಮ್ಮ ಹಾಡಿನ ಮೇಲೆ ಹತ್ತಿ ಕೂರುತ್ತಿದೆ ಅನಿಸಿದಾಗ, ತಂತಿ ಮೀಟುವ ಪಿಕ್ ಬಿಸಾಡಿ ಬರೀ ಬೆರಳಲ್ಲಿ ನುಡಿಸಲು ಕಲಿತು ಬಾ ಅಂತ ಮನೆಗೆ ಕಳಿಸಿದರು. ಸಮ್ಲಿನ್ ಕಲಿತು ಬಂದರು. ಇವತ್ತು ಜಗತ್ತು ಸಮ್ಲಿನ್ ಶೈಲಿ ಅಂತ ಗುರುತಿಸುವುದು ಆ ಬೆರಳಿನ ನಾದವನ್ನೇ. ನಡುವೆ 1956ರ ಸುಮಾರಿಗೆ ಕೆಲವು ತಿಂಗಳು ಮಡ್ಡಿ ವಾಟರ್ಸ್ ತಂಡಕ್ಕೆ ಹೋಗಿದ್ದು ಬಿಟ್ಟರೆ, 1976ರಲ್ಲಿ ವುಲ್ಫ್ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ‘ಗದರಿಸಿದ್ದು ಮರ್ಯಾದೆಯ ಪ್ರಶ್ನೆ ಆಗಲಿಲ್ಲ ನೋಡು, ಕೈಗೆ ಹೊಸ ಕಸುಬು ಬಂತು’ ಅನ್ನುತ್ತಾರೆ ಮಾವ.

ಪೈನ್‌ಟಾಪ್ ಪರ್ಕಿನ್ಸ್ ಇನ್ನೂ ಉದ್ದನೆಯ ದಾರಿ ನಡೆದವರು. ಹುಟ್ಟಿದ್ದು 1913ರಲ್ಲಿ. ಮೊದಲು ನುಡಿಸುತ್ತಿದ್ದದ್ದು ಗಿಟಾರ್. 1940ರ ದಶಕದಲ್ಲಿ ಜಗಳವೊಂದರಲ್ಲಿ ಚೂರಿ ತಾಗಿ ಎಡಗೈಯ ನರಗಳು ತುಂಡಾದವು, ಗಿಟಾರ್ ಹಿಡಿಯುವುದು ಆಗದ ಮಾತಾಯಿತು. ಪಿಯಾನೋಗೆ ಬಂದರು. ಎಷ್ಟೋ ಜನರ ಹಿಂದೆ ನುಡಿಸಿ, 1969ರಲ್ಲಿ, ಐವತ್ತಾರರ ಹತ್ತಿರ ಬಂದಿದ್ದಾಗ, ಮಡ್ಡಿ ವಾಟರ್ಸ್ ತಂಡದಲ್ಲಿ ಓಟಿಸ್ ಸ್ಪ್ಯಾನ್ ಬಿಟ್ಟುಹೋದ ಜಾಗಕ್ಕೆ ಸೇರಿದರು. 1980ರಲ್ಲಿ ದುಡ್ಡಿನ ವಿಷಯಕ್ಕೆ ಬಂದ ಭಿನ್ನಾಭಿಪ್ರಾಯದಿಂದ ವಾದಕರು ಹೊರಬಂದಾಗ ಇವರೂ ಬಂದರು, ತಮ್ಮದೇ ತಂಡ ಕಟ್ಟಿಕೊಂಡರು. ತನ್ನ ಹೆಸರು ಮುಂದಿಟ್ಟು ಒಂದರ ಮೇಲೊಂದು ಆಲ್ಬಂ ತರಲು ಶುರುಮಾಡಿದ್ದು 1988ರ ನಂತರ, ಎಪ್ಪತ್ತೈದರ ಆಸುಪಾಸಿನಲ್ಲಿ. ನಮ್ಮ ಕಡೆ ಆ ವಯಸ್ಸಿಗೆ ತೋಟದ ಲೆಕ್ಕವನ್ನೂ ಮಕ್ಕಳ ಕೈಗೆ ಕೊಟ್ಟಿರುತ್ತಾರೆ. 2004ರಲ್ಲಿ ಇವರು ಓಡಿಸುತ್ತಿದ್ದ ಕಾರಿಗೆ ರೈಲು ಬಡಿಯಿತು. ಕಾರು ನುಜ್ಜುಗುಜ್ಜಾಯಿತು, ತೊಂಬತ್ತೊಂದರ ಮುದುಕರಿಗೆ ದೊಡ್ಡದೇನೂ ಆಗಲಿಲ್ಲ.

ಅದೇ ಮಡ್ಡಿ ವಾಟರ್ಸ್ ತಂಡದ ಡ್ರಮ್ಮರ್ ವಿಲ್ಲಿ ಸ್ಮಿತ್. ಅಗಲ ಕಣ್ಣುಗಳಿಂದಾಗಿ ‘ಬಿಗ್ ಐಸ್’ ಅಂತ ಅಡ್ಡಹೆಸರು. ಇವರು ಮೊದಲು ನುಡಿಸುತ್ತಿದ್ದದ್ದು ಬಾಯಿಗಿಡುವ ಹಾರ್ಮೋನಿಕಾ. ಹಾರ್ಮೋನಿಕಾದವರಿಗಿಂತ ಡ್ರಮ್ಮರುಗಳಿಗೆ ಕೆಲಸ ಜಾಸ್ತಿ ಸಿಗುತ್ತಿತ್ತೆಂದು ಡ್ರಮ್ಸ್‌ಗೆ ಬಂದರು. ಅರವತ್ತರ ದಶಕದ ನಡುವೆ ಸಂಗೀತದಿಂದ ಸಂಸಾರ ಸಾಗದೆ ಕೆಲ ವರ್ಷ ಹೋಟೆಲಿನಲ್ಲಿ ಅಡುಗೆ, ಆಮೇಲೆ ಟ್ಯಾಕ್ಸಿ. 1968ರಲ್ಲಿ ಮತ್ತೆ ಮಡ್ಡಿ ಜೊತೆ. ಪೈನ್‌ಟಾಪ್ ಮತ್ತು ಸ್ಮಿತ್ ಇಬ್ಬರೂ ಸೇರಿ ಮಾಡಿದ ಆಲ್ಬಂಗೆ 2011ರ ಫೆಬ್ರವರಿಯಲ್ಲಿ ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿ ಗ್ರ್ಯಾಮಿ ಬಂತು. ಪೈನ್‌ಟಾಪ್‌ಗೆ ಆಗ 97 ವರ್ಷ, ಅಲ್ಲಿಯವರೆಗೆ ಗ್ರ್ಯಾಮಿ ಪಡೆದವರಲ್ಲೇ ಹಿರಿಯರು. ಆ ಆಲ್ಬಂನಲ್ಲಿ ಸ್ಮಿತ್ ಮತ್ತೆ ಹಾರ್ಮೋನಿಕಾ ನುಡಿಸಿದ್ದಾರೆ, ಡ್ರಮ್ಸ್‌ಗೆ ಅವರ ಮಗ ಕೂತಿದ್ದಾನೆ. ಪ್ರಶಸ್ತಿ ಬಂದ ಮುಂದಿನ ತಿಂಗಳು ಪೈನ್‌ಟಾಪ್ ಹೋದರು. ಸೆಪ್ಟೆಂಬರಿನಲ್ಲಿ ಸ್ಮಿತ್. ಡಿಸೆಂಬರಿನಲ್ಲಿ ಸಮ್ಲಿನ್, ಅವರ ಅಂತ್ಯಕ್ರಿಯೆಯ ಖರ್ಚು ಕೊಟ್ಟವರು ಸ್ಟೋನ್ಸ್ ತಂಡದ ಮಿಕ್ ಜಾಗರ್ ಮತ್ತು ಕೀತ್ ರಿಚರ್ಡ್ಸ್. ಆ ವರ್ಷ ಮಾವ ಮಾತಿಗೆ ಸಿಕ್ಕಾಗಲೆಲ್ಲ ಈ ಮೂವರ ವಿಷಯವೇ. ತಮ್ಮ ಮನೆಯ ಹಿರಿಯರನ್ನು ಕಳೆದುಕೊಂಡ ಹಾಗೆ ಇದ್ದರು.

ಸ್ಟೋನ್ಸ್ ಹೆಸರು ಬಂದದ್ದರಿಂದ ಇನ್ನೊಂದು ಹೇಳಬೇಕು. ಆ ತಂಡ ಕಟ್ಟಿದವರಲ್ಲಿ ಇಯಾನ್ ಸ್ಟೀವರ್ಟ್ ಅಂತ ಒಬ್ಬ ಪಿಯಾನೋ ವಾದಕ ಇದ್ದರು. 1963ರಲ್ಲಿ ಹೊಸ ಮ್ಯಾನೇಜರ್ ಬಂದು, ಆರು ಜನ ಜಾಸ್ತಿಯಾಯಿತು, ಇವನ ರೂಪವೂ ಹೊಂದುವುದಿಲ್ಲ ಅಂತ ಇವರನ್ನು ತಂಡದಿಂದ ಕೈಬಿಟ್ಟ. ಸ್ಟೀವರ್ಟ್ ಸಿಟ್ಟು ಮಾಡಿಕೊಂಡು ಹೋಗಲಿಲ್ಲ. ವ್ಯಾನ್ ಓಡಿಸಿದರು, ಆಂಪ್ಲಿಫೈಯರ್ ಹೊತ್ತರು, ರೆಕಾರ್ಡಿಂಗ್ ಇದ್ದಾಗ ಪಿಯಾನೋ ನುಡಿಸಿದರು, 1985ರಲ್ಲಿ ಸಾಯುವವರೆಗೆ. ಒಂದು ಹಟ ಮಾತ್ರ ಬಿಡಲಿಲ್ಲ: ಮೈನರ್ ಸ್ವರಗುಚ್ಛ ತನಗೆ ಹಿಡಿಸುವುದಿಲ್ಲ ಅಂತ ಅಂಥ ಹಾಡಿಗೆ ಕೈ ಇಡುತ್ತಿರಲಿಲ್ಲ. ಈ ಹಟದ ಬಗ್ಗೆ ಮಾವನಿಗೆ ಅಪಾರ ಗೌರವ. ಹಿಂದೆ ನಿಲ್ಲಲು ಒಪ್ಪಿಕೊಂಡವನಿಗೂ ತನ್ನದೊಂದು ರುಚಿ ಇರುತ್ತದೆ, ಅದನ್ನು ಯಾರಿಗೂ ಒತ್ತೆ ಇಡಬೇಕಿಲ್ಲ ಅನ್ನುವುದು ಅವರ ವಾದ. ನನಗೂ ಅದು ಸರಿ ಅನಿಸುತ್ತದೆ. ಆದರೆ ಸ್ಟೀವರ್ಟ್‌ಗೆ ಅನ್ಯಾಯವಾಯಿತು ಅನ್ನುವ ನನ್ನ ಮಾತನ್ನು ಮಾವ ಪೂರ್ತಿ ಒಪ್ಪುವುದಿಲ್ಲ. ಈ ವಿಷಯದಲ್ಲಿ ನಾವಿಬ್ಬರೂ ಇನ್ನೂ ಒಂದು ತೀರ್ಮಾನಕ್ಕೆ ಬಂದಿಲ್ಲ. ನನ್ನ ಪ್ರಕಾರ ಅದು ಅನ್ಯಾಯವೇ. ದೊಡ್ಡ ಮನಸ್ಸಿನವನು ಸಹಿಸಿಕೊಂಡ ಅನ್ನುವ ಕಾರಣಕ್ಕೆ ಮಾಡಿದ್ದು ಸರಿಯಾಗುವುದಿಲ್ಲ.

2003ರ ಏಪ್ರಿಲ್ 4ರಂದು ಆ ಸ್ಟೋನ್ಸ್ ಬೆಂಗಳೂರಿಗೇ ಬಂದರು, ಅರಮನೆ ಮೈದಾನಕ್ಕೆ. ಮಾವ ಮಡಿಕೇರಿಯಿಂದ ಬಸ್ಸು ಹತ್ತಿ ಹೋಗಿದ್ದರು. ನಮ್ಮಲ್ಲಿ ಕಾಫಿ ಹೂವಿನ ಮಳೆಗೆ ಆಕಾಶ ನೋಡುವ ಕಾಲ ಅದು, ಅಲ್ಲಿ ಮಳೆ ಸುರಿದೇ ಸುರಿಯಿತು. ಜನ ನೆನೆಯುತ್ತಾ ಕುಣಿದರು. ಎಲ್ಲರ ಕಣ್ಣು ಮಿಕ್ ಜಾಗರ್ ಮೇಲಿದ್ದರೆ ಮಾವ ನೋಡುತ್ತಿದ್ದದ್ದು ಡ್ಯಾರಿಲ್ ಜೋನ್ಸ್‌ನನ್ನು. ಇಪ್ಪತ್ತರ ಹರೆಯದಲ್ಲೇ ಜಾಝ್ ದಿಗ್ಗಜ ಮೈಲ್ಸ್ ಡೇವಿಸ್ ತಂಡದಲ್ಲಿ ನುಡಿಸಿದ ಚಿಕಾಗೋದ ಬೇಸ್ ವಾದಕ. ತೊಂಬತ್ತರ ದಶಕದ ನಡುವಿನಿಂದ ಸ್ಟೋನ್ಸ್ ಜೊತೆಗಿದ್ದರೂ ತಂಡದ ಅಧಿಕೃತ ಸದಸ್ಯರಲ್ಲ. ಇನ್ನೊಂದು ಬದಿಗೆ ಕೀಬೋರ್ಡಿನಲ್ಲಿ ಚಕ್ ಲೆವೆಲ್, ಅವರೂ ಸದಸ್ಯರಲ್ಲ. ಈ ಚಕ್ ಲೆವೆಲ್ ನಮ್ಮ ಕೊಡಗಿನವರಿಗೆ ಹತ್ತಿರದವರಾಗಬೇಕಿತ್ತು: ಜಾರ್ಜಿಯಾದಲ್ಲಿ ಅವರದ್ದು ಪೈನ್ ಮರದ ದೊಡ್ಡ ತೋಟ, ಕಾಡು ಬೆಳೆಸುವುದರಲ್ಲಿ 1999ರಲ್ಲಿ ರಾಷ್ಟ್ರಮಟ್ಟದ ಗೌರವವನ್ನೂ ಪಡೆದವರು. ತೋಟ ನೋಡಿಕೊಂಡು ಬ್ಯಾಂಡಿನಲ್ಲಿ ನುಡಿಸುವುದು ಅಮೆರಿಕದಲ್ಲೂ ಇದೆ ಅಂತ ತಿಳಿದಾಗ ಮಾವನಿಗೆ ಆದ ಸಂತೋಷ ಹೇಳತೀರದು.

ಆದರೆ ಈ ಎರಡು ದೋಣಿಯ ಪ್ರಯಾಣ ಇಲ್ಲಿ ಅಷ್ಟು ಸಲೀಸಲ್ಲ. ಹಣ್ಣು ಕುಯ್ಯುವುದು ನವೆಂಬರಿನಿಂದ ಫೆಬ್ರವರಿವರೆಗೆ. ಬ್ಯಾಂಡಿನವರಿಗೆ ವರ್ಷದ ಗಳಿಕೆ ಬರುವುದೂ ಅದೇ ಹೊತ್ತಿಗೆ: ಕ್ರಿಸ್‌ಮಸ್ ಡಾನ್ಸ್, ಹೊಸ ವರ್ಷದ ರಾತ್ರಿ, ಮದುವೆಗಳು. ನಮ್ಮ ಸುಗ್ಗಿ ಹಬ್ಬ ಪುತ್ತರಿಯೂ ಆಗಲೇ ಬರಬೇಕು. ಕಣದಲ್ಲಿ ಕಾಫಿ ಒಣಗುತ್ತಿರುವಾಗ ಮೋಡ ಕವಿದರೆ ಟಾರ್ಪಲ್ ಹೊದೆಸಲು ಮನೆಯಲ್ಲಿ ಜನ ಬೇಕು, ಮಾವ ಪೊಲ್ಲಿಬೆಟ್ಟದ ಯಾವುದೋ ಕ್ಲಬ್ಬಿನಲ್ಲಿ ನಾಲ್ಕು ಎಣಿಸುತ್ತಿರುತ್ತಾರೆ. ಅಂಥ ರಾತ್ರಿಗಳಲ್ಲಿ ಟಾರ್ಪಲ್ ಎಳೆದದ್ದು ಅತ್ತೆ. ಅವರ ಹೆಸರೂ ಯಾವ ಪೋಸ್ಟರಿನಲ್ಲೂ ಇಲ್ಲ. ಈ ಬರಹ ಓದುವಾಗ ಮಾವನಿಗೆ ಕೊಟ್ಟ ಮರ್ಯಾದೆಯಲ್ಲಿ ಅರ್ಧ ಅತ್ತೆಗೆ ಕೊಡಿ ಅಂತ ಕೇಳಿಕೊಳ್ಳುತ್ತೇನೆ.

ಕೆಲಸದ ಕಷ್ಟಗಳು ಹೊರಗಿನವರಿಗೆ ಕಾಣುವುದಿಲ್ಲ. ಅರ್ತಿಂಗ್ ಸರಿ ಇಲ್ಲದ ವೇದಿಕೆಯಲ್ಲಿ ತಂತಿ ಮೇಲೆ ಕೈ ಇಟ್ಟುಕೊಂಡೇ ಮೈಕಿಗೆ ತುಟಿ ತಾಗಿಸಿದರೆ ಕರೆಂಟ್ ಹೊಡೆಯುತ್ತದೆ. ತೋಟದ ಮನೆಗಳಲ್ಲಿ, ಜನರೇಟರ್ ಹಾಕಿದ ಕಡೆ ಇದು ಮಾಮೂಲಿ. ಮಾವನ ಜೇಬಿನಲ್ಲಿ ಯಾವಾಗಲೂ ಟೆಸ್ಟರ್ ಇರುತ್ತದೆ. ಹೋದ ಕೂಡಲೇ ಮೊದಲ ಕೆಲಸ ಪ್ಲಗ್ ಪಾಯಿಂಟ್ ನೋಡುವುದು, ಎರಡನೆಯದು ಮೈಕಿಗೆ ಸ್ಪಂಜಿನ ಟೋಪಿ ಹಾಕಿಸುವುದು, ಆಮೇಲೆ ಕಾಫಿ. ಇನ್ನು ಕಿವಿ. ಬೇಸ್ ವಾದಕ ಸಾಮಾನ್ಯವಾಗಿ ನಿಲ್ಲುವುದು ಡ್ರಮ್ಮರ್‌ನ ಹೈ-ಹ್ಯಾಟ್ ಪಕ್ಕದಲ್ಲಿ, ಏಟಿನ ಮೇಲೆ ಕಣ್ಣಿರಲಿ ಅಂತ. ಆ ಕಂಚಿನ ತಟ್ಟೆಗಳ ಸದ್ದು ವರ್ಷಗಟ್ಟಲೆ ಬಲಗಿವಿಗೇ ಬಿದ್ದು ಮಾವನಿಗೆ ಈಗ ಆ ಕಿವಿ ಅರ್ಧ ಹೋಗಿದೆ, ರಾತ್ರಿ ಮಲಗಿದರೆ ಗುಂಯ್ ಅನ್ನುತ್ತದಂತೆ. ಊಟದ ಟೇಬಲ್ಲಿನಲ್ಲಿ ನಾವೆಲ್ಲ ಅವರ ಎಡಕ್ಕೆ ಕೂರುತ್ತೇವೆ. ದುಡ್ಡಿನ ವಿಷಯಕ್ಕೆ ಬಂದರೆ, ಪ್ರೋಗ್ರಾಂ ಮುಗಿದು ರಾತ್ರಿ ಎರಡು ಗಂಟೆಗೆ ನೋಡಿದರೆ ಕರೆಸಿದವರು ನಾಪತ್ತೆ. ಹೀಗೆ ಬಾಕಿ ಉಳಿದು ಕೊನೆಗೂ ಬಾರದ ದುಡ್ಡು ಎಷ್ಟೋ. ಕೇಳಿದರೆ, ‘ಹಾಡಿದವನಿಗೆ ಕೊಟ್ಟಾಯ್ತಲ್ಲ’ ಅನ್ನುವ ಉತ್ತರ. ಈ ಮಾತು ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಒಬ್ಬ ಹಾಡುತ್ತಾನೆ ಅಂದರೆ ನಾಲ್ಕು ಜನ ಹಿಂದೆ ನಿಂತು ಅವನಿಗೆ ನೆಲ ಹಾಸುತ್ತಿರುತ್ತಾರೆ.

ಕೊಡವರ ಮದುವೆಗೆ ಹೋದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ವಾಲಗ ಶುರುವಾದರೆ ಕೂತವರು ಕೂತಲ್ಲಿ ಇರುವುದಿಲ್ಲ. ಕೊಂಬು ಊದುವ, ಕೊಟ್ಟ್ (ಡೋಲು) ಬಡಿಯುವ ವಾಲಗದವರು ಮೂಲೆಯಲ್ಲಿ ನಿಂತಿರುತ್ತಾರೆ, ಕೊಡವರ ಉಡುಪು ಕುಪ್ಯಚೇಲೆ ತೊಟ್ಟವರು, ಜರತಾರಿ ಸೀರೆ ಉಟ್ಟವರು, ಸೂಟು ಹಾಕಿ ಬಂದ ನೆಂಟರು ಎಲ್ಲ ಅವರ ಏಟಿಗೆ ಕುಣಿಯುತ್ತಾರೆ. ಸಂಜೆಯ ಆರತಕ್ಷತೆಗೆಂದು ಬ್ಯಾಂಡಿನ ಜೊತೆ ಬಂದ ಮಾವ, ತಮ್ಮ ಸರದಿ ಬರುವವರೆಗೆ ಹೋಗಿ ನಿಲ್ಲುವುದು ವಾಲಗದವರ ಹತ್ತಿರ. ಎಷ್ಟೋ ಮನೆಗಳಲ್ಲಿ ಆ ಕಲಾವಿದರು ಅಪ್ಪ-ಅಜ್ಜನ ಕಾಲದಿಂದ ಅದೇ ಕೆಲಸ ಮಾಡಿಕೊಂಡು ಬಂದವರು. ಒಂದು ಸಲ, ವಾಲಗದ ಹಿರಿಯರೊಬ್ಬರು ಊಟಕ್ಕೆ ಕೂತಿದ್ದಾಗ ಮಾವ ಪಕ್ಕದಲ್ಲಿ ಕೂತು, ಮೊಣಕಾಲಿನ ಮೇಲೆ ಬೆರಳಿಂದ ತಟ್ಟಿ, ಎಲ್ಲಿ ಒತ್ತು ಕೊಡುತ್ತೀರಿ ಅಂತ ಕೇಳುತ್ತಿದ್ದರು. ಅವರು ಎಡಗೈಯಲ್ಲಿ ಬಾಳೆಲೆಯ ಅಂಚಿಗೆ ತಟ್ಟಿ ತೋರಿಸಿದರು. ಇಬ್ಬರೂ ತಟ್ಟಿದರು, ಇಬ್ಬರ ಪಲ್ಯವೂ ಆರಿ ಹೋಯಿತು. ಆ ರಾತ್ರಿ ಬ್ಯಾಂಡಿನಲ್ಲಿ ಬ್ಲೂಸ್ ನುಡಿಸುವಾಗ ಮಾವ ಆ ಒತ್ತನ್ನು ಒಂದು ಕಡೆ ತಂದು ಸೇರಿಸಿದ್ದು ನನಗೆ ಕೇಳಿಸಿತು. ಕುಣಿಯುವವರಿಗೆ ಗೊತ್ತಾಯಿತೋ ಇಲ್ಲವೋ, ಕಾಲು ಮಾತ್ರ ಬದಲಾಯಿತು.

ಈಗ ಕ್ಲಬ್ಬುಗಳಲ್ಲಿ ಬ್ಯಾಂಡು ಕಡಿಮೆಯಾಗಿದೆ. ಬಹಳ ಕಡೆ ಡಿ.ಜೆ. ಒಬ್ಬನಿದ್ದರೆ ಸಾಕು. ಇದ್ದರೂ ಗಾಯಕ, ಕೀಬೋರ್ಡ್, ಜೊತೆಗೆ ಲ್ಯಾಪ್‌ಟಾಪಿನಲ್ಲಿ ಮೊದಲೇ ತುಂಬಿಟ್ಟ ಡ್ರಮ್ಸ್ ಮತ್ತು ಬೇಸ್. ಖರ್ಚು ಉಳಿಯುತ್ತದೆ, ಅದನ್ನು ತಪ್ಪೆನ್ನಲಾಗದು. ಆದರೆ ತುಂಬಿಟ್ಟ ಬೇಸ್‌ಗೆ ಕಿವಿ ಇಲ್ಲ. ಗಾಯಕ ಭಾವ ತುಂಬಿ ಒಂದು ಸಾಲನ್ನು ಎಳೆದರೆ ಅದು ಕಾಯುವುದಿಲ್ಲ. ನಾನು ಮಾವನ ಪರ ಇಷ್ಟು ವಾದ ಮಾಡಲು ಕಾರಣ ಅವರು ನನ್ನ ಮಾವ ಅನ್ನುವುದಷ್ಟೇ ಅಲ್ಲ. ಮನುಷ್ಯರು ಒಬ್ಬರಿಗೊಬ್ಬರು ಕಾಯುತ್ತಾ ನುಡಿಸಿದ ಸಂಗೀತ ಕೇಳಿ ಬೆಳೆದವನಿಗೆ ಇನ್ನೊಂದು ರುಚಿಸುವುದಿಲ್ಲ.

ಮಾವ ಈಗಲೂ ಕರೆ ಬಂದರೆ ಹೋಗುತ್ತಾರೆ. ಭಾನುವಾರ ಮಧ್ಯಾಹ್ನ ಎರಡು ಮೂರು ಹುಡುಗರು ಕಲಿಯಲು ಬರುತ್ತಾರೆ, ಹುಡುಗಿ ಒಬ್ಬಳಿದ್ದಾಳೆ, ವಿರಾಜಪೇಟೆ ಕಡೆಯವಳು. ಮೊದಲ ತಿಂಗಳು ಅವಳಿಗೆ ಕೊಟ್ಟ ಪಾಠ ಇಷ್ಟೇ: ಹಾಡು ಹಾಕುತ್ತಾರೆ, ಪ್ರತಿ ಬಾರಿನ ಮೊದಲ ಏಟಿಗೆ ಒಂದೇ ಒಂದು ಸ್ವರ ಮೀಟಬೇಕು, ಉಳಿದ ಮೂರು ಏಟಿಗೆ ಆ ಸ್ವರವನ್ನು ಹಿಡಿದುಕೊಂಡು ಸುಮ್ಮನಿರಬೇಕು. ‘ಬೋರಾಗುತ್ತೆ ಅಂಕಲ್’ ಅಂದಳು. ‘ಆ ಮೂರರಲ್ಲಿ ಡ್ರಮ್ಮರ್ ಏನು ಮಾಡ್ತಿದ್ದಾನೆ ಅಂತ ಕೇಳು, ಆಮೇಲೆ ಬೋರಾದ್ರೆ ಹೇಳು’ ಅಂದರು. ಮುಂದಿನ ವಾರ ಅವಳು ಬಂದವಳೇ, ಮೂರನೇ ಏಟಿನಲ್ಲಿ ಡ್ರಮ್ಮರ್ ಒಂಚೂರು ಹಿಂದೆ ವಾಲುತ್ತಾನೆ, ಯಾಕೆ ಅಂತ ಕೇಳಿದಳು. ಮಾವ ಅವತ್ತು ಉಳಿದವರಿಗೆ ಬೇಗ ಪಾಠ ಮುಗಿಸಿ, ಅವಳನ್ನು ಕತ್ತಲಾಗುವವರೆಗೆ ಬಿಡಲಿಲ್ಲ. ಅತ್ತೆ ಎರಡು ಸಲ ಕಾಫಿ ಮಾಡಿದರು. ಬರುವ ತಿಂಗಳು ಗೋಣಿಕೊಪ್ಪದಲ್ಲಿ ಕಾಲೇಜಿನ ಹುಡುಗರ ಬ್ಯಾಂಡಿನ ಜೊತೆ ಅವಳದ್ದು ಮೊದಲ ಪ್ರೋಗ್ರಾಂ. ಮಾವನ ದೊಡ್ಡ ಆಂಪ್ಲಿಫೈಯರನ್ನು ಜೀಪಿನಲ್ಲಿ ತೆಗೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಅಡ್ವಾನ್ಸ್ ಮೊದಲೇ ತೆಗೆದುಕೊಳ್ಳಬೇಕು ಅಂತ ಅವಳಿಗೆ ಮಾವ ಹೇಳಿಕೊಟ್ಟಿದ್ದಾರೆ, ತೆಗೆದುಕೊಂಡಿದ್ದಾಳೆ.